ಬೀರುವಿನ ಸದ್ದು

ಲಾಕಪ್ಪಿನ ಕಂಬಿಯ ಹಿಂದೆ ಪುಟ್ಟಮಾದು ಕೂತಿದ್ದ. ಹೊರಗೆ, ರಸ್ತೆಯ ಆಚೆ ಬದಿಯ ಖಾಸಗಿ ಬಸ್ ನಿಲ್ದಾಣದಲ್ಲಿ, ಅದೇ ಪುಟ್ಟಮಾದು ಕೂಗುತ್ತಿದ್ದ.

"ತೆರಕಣಾಂಬೀ... ಚಾಮರಾಜನಗರಾ... ಗಾಡಿ ಹೊರಡ್ತದ, ಗಾಡಿ!"

ಆ ಕೂಗಿಗೆ ಮುಂಚೆ ಲೌಡ್‌ಸ್ಪೀಕರಿನಲ್ಲಿ ಟಣ್ ಟಣ್ ಎಂದು ಒಂದು ಪುಟ್ಟ ರಾಗ ಬರುತ್ತಿತ್ತು. ಕಂಪ್ಯೂಟರ್ ರಾಗ. ಗುಂಡ್ಲುಪೇಟೆಯ ಜನ ಅದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಬಸ್ಸಿಗೆ ಕಾಯುವ ಹೆಂಗಸರು ಕಂಕುಳಿನ ಮಗುವನ್ನು ಅದೇ ರಾಗ ಗುನುಗಿ ಸಮಾಧಾನ ಮಾಡುತ್ತಿದ್ದರು.

ಪುಟ್ಟಮಾದು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

"ಅದ ನಿಲ್ಸಕ್ಕೆ ಯೋಳವ್ವ. ನನ್ನ ದನಿ ಕೇಳುದ್ರೆ ನನ್ಗೇ ವಾಕರಿಕೆ ಬತ್ತದ."

ನನಗೆ ಮೈ ಉರಿಯಿತು. ಬಸ್ ಮಾಲೀಕರ ಸಂಘದವರು ಮೊದಲು, ನಿಲ್ದಾಣದಲ್ಲಿ ಬಸ್ಸು ಕೂಗುತ್ತಿದ್ದ ಈ ಮನುಷ್ಯನ ದನಿಯನ್ನು ಕಂಪ್ಯೂಟರಿಗೆ ತುಂಬಿಕೊಂಡರು. ಆಮೇಲೆ, ಇನ್ನು ನೀನು ಬೇಡ ಎಂದು ಮನೆಗೆ ಕಳಿಸಿದರು. ಈಗ ಅದೇ ದನಿಯನ್ನು ಸಾಕ್ಷಿ ಮಾಡಿ ಜೈಲಿಗೂ ಕಳಿಸಲು ಹೊರಟಿದ್ದರು. ಇಷ್ಟೆಲ್ಲ ಮಾಡಿದವರು ಸಂಜೆ ಹೊತ್ತು ನೆಮ್ಮದಿಯಾಗಿ ಬೋಂಡಾ ತಿನ್ನುತ್ತಿದ್ದರು.

ನಾನು ಶಿವಲಕ್ಷ್ಮಿ, ಚಾಮರಾಜನಗರದಲ್ಲಿ ವಕೀಲೆ. ನಮ್ಮೂರು ಜಿಲ್ಲೆಯಾಗಿ ಇನ್ನೂ ವರ್ಷವಾಗಿದೆ ಅಷ್ಟೇ. ಆದರೆ ಇಡೀ ಜಿಲ್ಲೆಗೆ ಗೊತ್ತಾಗುವಷ್ಟು ಮುಂಗೋಪ ನನ್ನದು ಎಂದು ಸಹೋದ್ಯೋಗಿಗಳು ನಗುತ್ತಾರೆ. ನಗಲಿ. ಕೋಪ ಬರಬೇಕಾದ ಕಡೆ ಕೋಪ ಬಾರದವರನ್ನು ಕಂಡರೆ ನನಗೆ ಇನ್ನೂ ಕೋಪ.

ಪೊಲೀಸರ ಕೈಯಲ್ಲಿದ್ದ ಕಥೆ ಸರಳವಾಗಿತ್ತು. ತೆರಕಣಾಂಬಿಯಲ್ಲಿ ನಿಂತಿದ್ದ, ಸಂಘದ ಮಾಲೀಕರಲ್ಲೊಬ್ಬ ದೊಡ್ಡಯ್ಯನ ಬಸ್ಸಿಗೆ ಬೆಂಕಿ ಬಿತ್ತು. ಒಳಗೆ ಮಲಗಿದ್ದ ಕ್ಲೀನರ್ ಮಾದೇಶ್ ಬೆಂದು ಮೈಸೂರಿನ ಆಸ್ಪತ್ರೆ ಸೇರಿದ. ಹಿಂದಿನ ದಿನ ದೊಡ್ಡಯ್ಯನ ಆಫೀಸಿನ ಫೋನಿಗೆ ಒಂದು ಬೆದರಿಕೆ ಬಂದಿತ್ತು, ಫೋನಿಗೆ ಜೋಡಿಸಿದ್ದ ಟೇಪು ಅದನ್ನು ಹಿಡಿದಿಟ್ಟಿತ್ತು. ದನಿ ಪುಟ್ಟಮಾದುವಿನದು. ತಾಲ್ಲೂಕಿನ ಯಾವ ಮಗುವನ್ನು ಕೇಳಿದರೂ ಹೇಳುತ್ತಿತ್ತು.

ಆ ಮಾದೇಶ್ ಪುಟ್ಟಮಾದುವಿನ ಸ್ವಂತ ತಂಗಿಯ ಮಗ. ಎತ್ತಿ ಆಡಿಸಿದ ಹುಡುಗ. ಇದನ್ನು ಹೇಳಿದರೆ ಇನ್ಸ್‌ಪೆಕ್ಟರು, "ಒಳಗೆ ಅವನಿದ್ದದ್ದು ಇವನಿಗೆ ಗೊತ್ತಿರಲಿಲ್ಲ ಮೇಡಂ, ಅಷ್ಟೇ" ಎಂದು ಫೈಲು ಮುಚ್ಚಿದ್ದರು.

ಪೊಲೀಸ್ ಕಸ್ಟಡಿ ನಾಳೆಗೆ ಮುಗಿಯುತ್ತಿತ್ತು. ನಾಳೆ ಬೆಳಿಗ್ಗೆ ಚಾಮರಾಜನಗರದ ಕೋರ್ಟಿನಲ್ಲಿ ಜಾಮೀನು ಅರ್ಜಿ. ಆ ಟೇಪು ಸುಳ್ಳು ಎಂದು ನಾನು ತೋರಿಸಬೇಕು. ತೋರಿಸದಿದ್ದರೆ ಪುಟ್ಟಮಾದು ಮೈಸೂರು ಜೈಲಿಗೆ. ಮಾದೇಶ್ ಅಕಸ್ಮಾತ್ ಉಳಿಯದಿದ್ದರೆ ಕೊಲೆ ಕೇಸು.

ಇನ್ಸ್‌ಪೆಕ್ಟರು ಟೇಪು ಕೇಳಿಸಿದಾಗ ನನ್ನ ಪುಟ್ಟ ರೆಕಾರ್ಡರಿನಲ್ಲಿ ಅದನ್ನು ಹಿಡಿದುಕೊಂಡಿದ್ದೆ. ಈಗ ಅದನ್ನೇ ಕಂಬಿಯ ಸಂದಿಗೆ ಹಿಡಿದು ಗುಂಡಿ ಒತ್ತಿದೆ.

"ತೆರಕಣಾಂಬೀ... ಸಾಯಂಕಾಲದ ಗಾಡಿ... ಸುಟ್ಟೋಯ್ತದ."

ದನಿ ದಪ್ಪಗಿತ್ತು, ಎಳೆದಂತಿತ್ತು. ಹಲ್ಲು ಕಚ್ಚಿಕೊಂಡು ಮಾತಾಡಿದ ಹಾಗೆ.

"ನಾನಂದಿಲ್ಲ ಕಣವ್ವ. ನನ್ನ ಬಾಯಿಂದ ಆ ಮಾತು ಬಂದಿಲ್ಲ. ಆದ್ರೆ ದನಿ ನಂದೇ. ನಾನೇನ ಮಾಡ್ಲಿ?"

"ಈ ಪದಗಳನ್ನ ಯಾವತ್ತಾದ್ರೂ ಆಡಿದ್ಯಾ? ಬೇರೆ ಎಲ್ಲಾದ್ರೂ?"

"ತೆರಕಣಾಂಬಿ, ಸಾಯಂಕಾಲದ ಗಾಡಿ ಅಂತ ಜೀವಮಾನ್ವೆಲ್ಲ ಕೂಗಿವ್ನಿ. ಆ ಚಂದ್ರಕುಮಾರನ ಕಂಪ್ಯೂಟ್ರು ರೂಮಲ್ಲೂ ಕೂಗ್ದಿ."

"ಹೆಂಗೆ ಕೂಗ್ದೆ? ಒಂದ್ಸಲ ಕೂಗಿ ತೋರ್ಸು."

ಪುಟ್ಟಮಾದು ಎದ್ದು ನಿಂತ. ಸೊಂಟ ನೇರ ಮಾಡಿಕೊಂಡ. ಬಾಯಿ ತೆರೆಯುವುದಕ್ಕೆ ಮುಂಚೆ ಅವನ ಬಲಗೈ ತಾನಾಗೇ ಮೇಲೆದ್ದು ಕಬ್ಬಿಣದ ಬಾಗಿಲಿಗೆ ಎರಡು ಏಟು ಬಿಗಿಯಿತು. ಢಣ್, ಢಣ್. ಆಮೇಲೆ ಕೂಗು.

"ತೆರಕಣಾಂಬೀ..."

ಕಾನ್‌ಸ್ಟೇಬಲ್ ಓಡಿ ಬಂದ. ನಾನು ಅವನನ್ನು ಕಣ್ಣಲ್ಲೇ ಹಿಂದಕ್ಕೆ ಕಳಿಸಿದೆ.

"ಆ ಏಟು ಯಾಕೆ ಪುಟ್ಟಮಾದು?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಗಾಡಿ ಮೈಗೆ ತಟ್ಟದೆ ಎಂಗವ್ವ ಕೂಗದು? ಮೊದ್ಲು ತಟ್ಬೇಕು, ಆಮೇಲೆ ದನಿ ಏಳ್ತದ. ನಮ್ಮಪ್ಪನೂ ಅಂಗೇಯ."

"ಕಂಪ್ಯೂಟರ್ ರೂಮಲ್ಲಿ ಬಸ್ಸೆಲ್ಲಿತ್ತು?"

"ಇರ್ನಿಲ್ಲ. ಅದ್ಕೇ ಮೊದ್ಲು ದನಿಯೇ ಬರ್ನಿಲ್ಲ ನನ್ಗೆ. ಚಂದ್ರಕುಮಾರ ಬೈದ. ಆ ಹೆಣ್ಮಗ ಭವ್ಯ, 'ಮಾದಣ್ಣ, ಈ ಬೀರುಗೆ ತಟ್ಟು' ಅಂದ್ಲು. ಒಂದು ಹಸ್ರು ಬೀರು ಇತ್ತು. ಒಂದೊಂದು ಊರಿಗೂ ಅದಕ್ಕೆ ಎರಡೆರಡು ತಟ್ಟಿ ಕೂಗ್ದಿ."

ನಾನು ರೆಕಾರ್ಡರನ್ನು ಹಿಂದಕ್ಕೆ ತಿರುಗಿಸಿ ಕಿವಿಗೆ ಒತ್ತಿಕೊಂಡೆ. ಮೊದಲು ಗೊರಗೊರ ಸದ್ದು. ಆಮೇಲೆ, 'ತೆರಕಣಾಂಬಿ' ಶುರುವಾಗುವುದಕ್ಕೆ ತೀರ ಹತ್ತಿರದಲ್ಲಿ, ತಗಡು ಅದುರಿ ಸಾಯುತ್ತಿರುವ ಒಂದು ಕೊನೆ.

...ಣ್ಣ್ಣ್.

ಏಟನ್ನು ಕತ್ತರಿಸಿದ್ದರು. ಅದರ ಬಾಲ ಉಳಿದುಬಿಟ್ಟಿತ್ತು.

ಬೆದರಿಕೆ ಹಾಕಲು ಫೋನ್ ಬೂತಿಗೆ ಹೋದವನು ಜೊತೆಗೆ ಬೀರು ಹೊತ್ತುಕೊಂಡು ಹೋಗುತ್ತಾನೆಯೇ? ಆ ನೀಚರ ಮೇಲೆ ಸಿಟ್ಟು ಎಷ್ಟು ಬಂತೆಂದರೆ ನಗು ಬಂದುಬಿಟ್ಟಿತು.

"ಮತ್ತೆ 'ಸುಟ್ಟೋಯ್ತದ'? ಅದನ್ನ ಯಾವಾಗ ಅಂದೆ?"

ಪುಟ್ಟಮಾದು ಬೆರಳು ಮಡಚಿ ಆವತ್ತಿನ ಮಾತುಗಳನ್ನೆಲ್ಲ ಎಣಿಸಿದ. ಆಮೇಲೆ ಅವನ ಮುಖ ಬದಲಾಯಿತು.

"ಟೀ ಕುಡೀವಾಗ! ಆ ಮಲೆಯಾಳಿ ಚೇಟನ ಅಂಗ್ಡಿಯಿಂದ ಟೀ ತರ್ಸಿದ್ರು. ಕೊತಕೊತ ಅಂತಿತ್ತು. 'ತಡಿ ಕಣಮ್ಮಿ, ನಾಲ್ಗೆ ಸುಟ್ಟೋಯ್ತದ' ಅಂದಿ ಭವ್ಯಂಗೆ. ಆ ಮೈಕು ಮುಂದ್ಗಡೆನೇ ಇತ್ತು."

"ಅದು ಎಲ್ಲಾದ್ರೂ ಉಳ್ದಿದ್ಯಾ? ಆ ಟೀ ಮಾತು?"

"ನಮ್ಮನೇಲಿ ಅದ. ನನ್ನ ದನಿ ನನ್ಗೂ ಒಂದಿರ್ಲಿ ಅಂತ ಕೇಳ್ಕಂಡಿ. ಎಲ್ಲಾನೂವೆ ಒಂದು ಕ್ಯಾಸೆಟ್ಗೆ ತುಂಬ್ಕೊಟ್ರು. ನನ್ನೆಂಡ್ರು ಪುಟ್ಟಮಾದಮ್ಮ ಹರದನಹಳ್ಳೀಲಿ ದೇವ್ರ ಗೂಡಲ್ಲಿ ಇಟ್ಟವ್ಳ."

ಊರುಗಳ ಹೆಸರು, ಬೀರುವಿನ ಏಟು, ಟೀ ಮಾತು, ಎಲ್ಲವೂ ಕತ್ತರಿ ಬೀಳದೆ ಒಂದೇ ಕ್ಯಾಸೆಟ್ಟಿನಲ್ಲಿ. ಅದನ್ನೂ ಪೊಲೀಸರ ಟೇಪನ್ನೂ ಒಂದರ ಪಕ್ಕ ಒಂದು ಕೇಳಿಸಿದರೆ ಯಾವ ನ್ಯಾಯಾಧೀಶರಿಗೂ ಬೇರೆ ವಿವರಣೆ ಬೇಡ.

ನಾನು ನೇರ ಹರದನಹಳ್ಳಿಗೆ ಹೋಗಿದ್ದರೆ ಈ ಅಧ್ಯಾಯ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕೋಪ ನನ್ನನ್ನು ರಸ್ತೆ ದಾಟಿಸಿತು.

*

ಬಸ್ ನಿಲ್ದಾಣದ ಮಹಡಿಯ ಮೇಲೆ ಚಂದ್ರಕುಮಾರನ ಕಂಪ್ಯೂಟರ್ ತರಬೇತಿ ಕೇಂದ್ರ. ಚಪ್ಪಲಿ ಹೊರಗೆ ಬಿಡಬೇಕಂತೆ. ಕಂಪ್ಯೂಟರಿಗೆ ಧೂಳು ಆಗದಂತೆ. ನಾನು ಚಪ್ಪಲಿ ಹಾಕಿಕೊಂಡೇ ಒಳಗೆ ಹೋದೆ.

ಪರದೆಯ ಮುಂದೆ ಭವ್ಯ ಕೂತಿದ್ದಳು. ಪುಣಜನೂರಿನ ಹುಡುಗಿ, ಬಿ.ಎಸ್ಸಿ. ಮುಗಿಸಿದವಳು. ಬಸ್ ನಿಲ್ದಾಣದ ಆ ಪ್ರೋಗ್ರಾಂ ಬರೆದದ್ದು ಅವಳೇ ಎಂದು ಊರಿಗೆಲ್ಲ ಗೊತ್ತಿತ್ತು. ಮೂಲೆಯಲ್ಲಿ ಹಸಿರು ಬೀರು ನಿಂತಿತ್ತು.

"ಬನ್ನಿ ಮೇಡಂ, ಬನ್ನಿ," ಎಂದು ಚಂದ್ರಕುಮಾರ ಎದ್ದ. ಟೈ ಕಟ್ಟಿದ್ದ. ಗುಂಡ್ಲುಪೇಟೆಯ ಬಿಸಿಲಿಗೆ ಟೈ. "ಟೀ ತಗೋತೀರಾ?"

"ನಿಮ್ಮ ಟೀ ದೊಡ್ಡಯ್ಯನಿಗೆ ಕೊಟ್ಟು ಕಳಿಸಿ," ಎಂದೆ.

ಅವನ ನಗೆ ಅರ್ಧಕ್ಕೆ ನಿಂತಿತು. ನಾನು ಮೇಜಿನ ಮೇಲೆ ನನ್ನ ರೆಕಾರ್ಡರ್ ಇಡಲು ಜಾಗ ಹುಡುಕಿದೆ. ಭವ್ಯ ತಾನೇ ಎದ್ದು, ಮೇಜಿನ ಮೇಲಿದ್ದ ಮೈಕನ್ನು ಬದಿಗೆ ಸರಿಸಿ ಜಾಗ ಮಾಡಿಕೊಟ್ಟಳು.

"ಭವ್ಯ, ಪುಟ್ಟಮಾದು ಕೂಗಿದ್ದನ್ನ ನೀವು ಕಂಪ್ಯೂಟರಿಗೆ ಹೇಗೆ ಹಾಕಿದ್ರಿ? ನನಗೆ ಅರ್ಥ ಆಗೋ ಹಾಗೆ ಹೇಳಿ."

ಅವಳು ಒಮ್ಮೆ ಚಂದ್ರಕುಮಾರನ ಕಡೆ ನೋಡಿ ನನ್ನ ಕಡೆ ತಿರುಗಿದಳು. "ದನಿ ಅಂದ್ರೆ ಕಂಪ್ಯೂಟರಿಗೆ ಬರೀ ಸಂಖ್ಯೆ ಮೇಡಂ. ಒಂದರ ಹಿಂದೆ ಒಂದು ಸಾಲಾಗಿ ಇರ್ತದೆ. ಎಲ್ಲಿಂದ ಎಲ್ಲೀವರೆಗೆ ಅಂತ ಹೇಳುದ್ರೆ ಅಷ್ಟೇ ನುಡಿಸ್ತದೆ. ತೆರಕಣಾಂಬಿ ಅನ್ನೋದು ಒಂದು ತುಂಡು. ಚಾಮರಾಜನಗರ ಇನ್ನೊಂದು. ಯಾವ ತುಂಡು ಆದ್ಮೇಲೆ ಯಾವುದು ಅಂತ ಪ್ರೋಗ್ರಾಮಲ್ಲಿ ಬರೆದ್ರೆ, ಅದು ಜೋಡಿಸಿ ಕೂಗ್ತದೆ."

"ಆ ರಾಗ?"

ಅವಳ ಮುಖ ಬೆಳಗಿತು. ಇಡೀ ಪ್ರಕರಣದಲ್ಲಿ ನಾನು ಕಂಡ ಒಂದೇ ಒಂದು ಸಂತೋಷ ಅದು.

"ಅದಕ್ಕೆ ಯಾವ ವಾದ್ಯನೂ ಇಲ್ಲ ಮೇಡಂ. ಮಾದಣ್ಣ ಈ ಬೀರುಗೆ ತಟ್ಟಿದ ಒಂದೇ ಒಂದು ಏಟು. ಅದೇ ಸಂಖ್ಯೆಗಳನ್ನ ಬೇಗ ಓದ್ಸುದ್ರೆ ಸದ್ದು ಏರ್ತದೆ, ನಿಧಾನ ಓದ್ಸುದ್ರೆ ಇಳೀತದೆ. ಏಳು ವೇಗ ಗೊತ್ತು ಮಾಡ್ಕೊಂಡೆ. ಏಳು ಸ್ವರ ಸಿಕ್ತು. ಕೇಳಿ."

ಕೀಲಿ ಒತ್ತಿದಳು. ಟಣ್, ಟಣ್, ಟಣ್. ಮೇಲೆ ಹೋಗಿ ಕೆಳಗೆ ಇಳಿಯಿತು. ಬಸ್ ನಿಲ್ದಾಣದ ಆ ರಾಗ ಬೀರುವಿನ ಹೊಟ್ಟೆಯಿಂದ ಹುಟ್ಟಿದ್ದು! ಅದು ಚೆನ್ನಾಗಿತ್ತು ಎನ್ನುವುದೇ ನನ್ನ ಸಿಟ್ಟನ್ನು ಹೆಚ್ಚಿಸಿತು. ಇಂಥ ಕೆಲಸ ಮಾಡಬಲ್ಲ ಯಂತ್ರವನ್ನು ಇವರು ಯಾತಕ್ಕೆ ಬಳಸಿದರು!

"ಈಗ ತೆರಕಣಾಂಬಿ ತುಂಡು ಮಾತ್ರ ನುಡಿಸಿ."

"...ಣ್ಣ್. ತೆರಕಣಾಂಬೀ..."

"ತುಂಡಿನ ಮುಂದೆ ಅದೇನು?"

"ಬೀರು ಸದ್ದಿನ ಕೊನೆ ಮೇಡಂ. ಮಾದಣ್ಣ ತಟ್ಟಿದ ತಕ್ಷಣ ಕೂಗಿಬಿಡ್ತಿದ್ರು. ಪೂರ್ತಿ ಕತ್ತರಿಸಿದ್ರೆ 'ತೆ' ಹೋಗಿಬಿಡ್ತದೆ. ಬಸ್ ಸ್ಟ್ಯಾಂಡ್ ಗಲಾಟೇಲಿ ಕೇಳಲ್ಲ ಅಂತ ಬಿಟ್ಟೆ."

ನಾನು ನನ್ನ ರೆಕಾರ್ಡರಿನ ಗುಂಡಿ ಒತ್ತಿದೆ. ದಪ್ಪ ದನಿಯ ಬೆದರಿಕೆ ಹೊರಬಂತು. ಅದರ ಮುಂದೆಯೂ ಬೀರು ಇತ್ತು. ಇದಕ್ಕಿಂತ ತಗ್ಗಿನಲ್ಲಿ.

ಭವ್ಯಳ ಕೈ ಬಾಯಿಗೆ ಹೋಯಿತು. ಯಾರೂ ಕೇಳದಿದ್ದರೂ ಅವಳು ರಾಗದ ಅತಿ ಕೆಳಗಿನ ಸ್ವರ ಒಂದನ್ನೇ ನುಡಿಸಿದಳು. ಆಮೇಲೆ ನನ್ನ ಟೇಪು. ಮತ್ತೆ ಸ್ವರ. ಎರಡೂ ಒಂದೇ ಎತ್ತರದಲ್ಲಿ ನಿಂತವು. ಸಂಗೀತದ ಗಂಧ ಇಲ್ಲದ ನನ್ನ ಕಿವಿಗೂ ಅದು ಗೊತ್ತಾಯಿತು.

"ನನ್ನ ಪ್ರೋಗ್ರಾಮಿನ ಕೆಳಗಿನ ವೇಗ ಮೇಡಂ," ಎಂದಳು ಮೆಲ್ಲಗೆ. "ದನಿ ಕೋಪ ಬಂದಂಗೆ ಕೇಳ್ಲಿ ಅಂತ ನಿಧಾನ ಮಾಡಿದಾರೆ. ದನಿ ಜೊತೆ ಬೀರೂ ಇಳ್ದಿದೆ. ಇದು ಇಲ್ಲೇ ಆಗಿರೋದು. ಈ ಕಂಪ್ಯೂಟರಲ್ಲೇ."

ನಾನು ಚಂದ್ರಕುಮಾರನ ಕಡೆ ತಿರುಗಿದೆ.

"ನೋಡಿ ಮೇಡಂ," ಎಂದು ಅವನು ಟೈ ಸಡಿಲಿಸಿದ. "ಕಾನೂನು ನಿಮಗೆ ಗೊತ್ತಿರೋದೇ. ಆ ರೆಕಾರ್ಡಿಂಗಿಗೆ ಆತ ಒಪ್ಪಿ ಹೆಬ್ಬೆಟ್ಟು ಒತ್ತಿದಾನೆ. ಆ ದನಿ ಈಗ ಬಸ್ ಮಾಲೀಕರ ಸಂಘದ ಆಸ್ತಿ. ಅದನ್ನ ಯಾರು ಹೇಗೆ ಉಪಯೋಗಿಸ್ತಾರೆ ಅನ್ನೋದು..."

"ಆಸ್ತಿ?"

"ಅಂದ್ರೆ, ಟೆಕ್ನಿಕಲ್ ಆಗಿ..."

"ಗಂಟಲು ಯಾರದ್ದು ರೀ? ಸಂಘದ್ದಾ? ಅವನಪ್ಪ ಬಸ್ಸಿನ ಮೈ ತಟ್ಟಿ ತಟ್ಟಿ ಕಲಿಸಿದ ಕೂಗು ಅದು. ಅದನ್ನ ತಗೊಂಡು ಅವನ ಕೆಲಸ ಕಿತ್ಕೊಂಡ್ರಿ. ಸಾಲದು ಅಂತ ಅವನ ಬಾಯಿಗೇ ಬೆಂಕಿ ತುರುಕಿದ್ರಿ. ಅಲ್ಲಿ ಲಾಕಪ್ಪಲ್ಲಿ ಕೂತು ತನ್ನ ದನಿಗೆ ತಾನೇ ಹೇಸಿಕೊಳ್ತಾ ಇದಾನೆ. ಮೈಸೂರಲ್ಲಿ ಅವನ ತಂಗಿ ಮಗ ಬಾಳೆ ಎಲೆ ಮೇಲೆ ಮಲಗಿದಾನೆ. ನಿಮಗೆ ಟೆಕ್ನಿಕಲ್ಲು!"

"ಕೂಗಾಡಬೇಡಿ ಮೇಡಂ. ಬರೀ ಒಂದು ಸದ್ದು ಇಟ್ಕೊಂಡು ಕೋರ್ಟಲ್ಲಿ ಏನು ಸಾಬೀತು ಮಾಡ್ತೀರಿ? ಈ ಫೈಲುಗಳನ್ನ ನಾನು ಈಗಲೇ ಅಳಿಸಿದ್ರೆ ನಿಮ್ಮ ಹತ್ರ ಏನಿರುತ್ತೆ?"

ಆಗ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಪಕ್ಕದಲ್ಲೇ ಇದ್ದ ಬೀರುವಿಗೆ ಅಂಗೈ ಬೀಸಿ ಹೊಡೆದೆ.

ಡಂಣ್!

"ಆ ಕ್ಯಾಸೆಟ್ ಇದೆ!" ಎಂದು ಕಿರುಚಿದೆ. "ನೀವೇ ತುಂಬಿ ಕೊಟ್ಟಿದ್ದು! ಅದರಲ್ಲಿ ಬೀರೂ ಇದೆ, ನೀವು ತರಿಸಿದ ಸುಡುಸುಡು ಟೀನೂ ಇದೆ. ಅಳಿಸ್ರೀ ನೋಡೋಣ! ಹರದನಹಳ್ಳಿಯಲ್ಲಿದೆ. ಪುಟ್ಟಮಾದಮ್ಮ ದೇವರ ಗೂಡಲ್ಲಿ ಇಟ್ಟು ದಿನಾ ಕೈ ಮುಗೀತಾರೆ!"

ಬೀರುವಿನ ಬಾಗಿಲು ಇನ್ನೂ ಅದುರುತ್ತಿತ್ತು. ನನ್ನ ಅಂಗೈ ಕೆಂಪಗಾಗಿತ್ತು.

ಚಂದ್ರಕುಮಾರ ಕುರ್ಚಿಗೆ ಕುಸಿದ. ಆ ಕ್ಯಾಸೆಟ್ಟನ್ನು ಅವನು ಮರೆತೇಬಿಟ್ಟಿದ್ದ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ನಾನು ಮಾಡಿಲ್ಲ ಮೇಡಂ," ಎಂದ. ದನಿಯಲ್ಲಿ ಟೆಕ್ನಿಕಲ್ಲು ಇರಲಿಲ್ಲ. "ಬೆಂಕಿ ಬೀಳೋಕೆ ಮುಂಚೆ ಒಂದಿನ ದೊಡ್ಡಯ್ಯ ಬಂದಿದ್ರು. ಪುಟ್ಟಮಾದು ದನೀಲಿ ಏನ್ ಬೇಕಾದ್ರೂ ಹೇಳಿಸ್ಬಹುದಾ ಅಂತ ಕೇಳುದ್ರು. ಹೇಳಿಸ್ಬಹುದು ಅಂದೆ. ಜಂಬಕ್ಕೆ ಅಂದೆ ಮೇಡಂ, ದೇವರಾಣೆ. ಭಾನುವಾರ ಸಂಘದ ಮೀಟಿಂಗಿಗೆ ಅಂತ ಈ ರೂಮಿನ ಬೀಗದ ಕೈ ಇಸ್ಕೊಂಡ್ರು. ಕೊಟ್ಟೆ."

"ದೊಡ್ಡಯ್ಯನಿಗೆ ಕಂಪ್ಯೂಟರ್ ಬರುತ್ತಾ?"

"ಎಲ್ಲಿಂದ ಬರ್ಬೇಕು? ಆನ್ ಮಾಡೋಕೂ ಗೊತ್ತಿಲ್ಲ."

"ಹಾಗಾದ್ರೆ ಕೀಲಿ ಒತ್ತಿದ್ದು ಯಾರು?"

"ಗೊತ್ತಿಲ್ಲ ಮೇಡಂ."

"ಸುಳ್ಳು."

"ಗೊತ್ತಿಲ್ಲ!" ಎಂದು ಅವನು ಅಳುವಂತಾದ. "ಭಾನುವಾರ ನಾನು ಬೇಗೂರಿನ ಅತ್ತೆ ಮನೇಲಿದ್ದೆ."

ನಾನು ನಂಬಲಿಲ್ಲ. ಅತ್ತೆ ಮನೆಯ ಊಟ ಎಷ್ಟು ಜನ ಅಪರಾಧಿಗಳಿಗೆ ನೆಪವಾಗಿದೆ ಎಂದು ವಕೀಲರನ್ನು ಕೇಳಬೇಕು. ಟೈ ಕಟ್ಟಿದ ಈ ಪುಕ್ಕಲನೇ ಕತ್ತರಿಸಿ ಜೋಡಿಸಿದ್ದಾನೆ, ಈಗ ದೊಡ್ಡಯ್ಯನ ಮೇಲೆ ಹಾಕಿ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ನನಗೆ ಖಾತ್ರಿಯಾಗಿತ್ತು. ಆದರೂ ಅವನ ಮಾತು ನನಗೆ ಬೇಕಿತ್ತು. ಬೆದರಿಕೆ ಹುಟ್ಟಿದ್ದು ಈ ಕೋಣೆಯಲ್ಲಿ ಎಂದು ಕೇಂದ್ರದ ಮಾಲೀಕನೇ ನ್ಯಾಯಾಧೀಶರ ಮುಂದೆ ಹೇಳಿದರೆ ಪುಟ್ಟಮಾದು ನಾಳೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಾನೆ.

"ಏಳಿ. ನನ್ನ ಜೊತೆ ಹೊರಡಿ. ಮೊದಲು ಹರದನಹಳ್ಳಿ, ಕ್ಯಾಸೆಟ್. ಆಮೇಲೆ ನನ್ನ ಆಫೀಸು. ನಾಳೆ ಕೋರ್ಟು. ಅಲ್ಲೀವರೆಗೂ ನೀವು ನನ್ನ ಕಣ್ಣೆದುರಿಗೆ ಇರ್ಬೇಕು. ಇಲ್ಲ ಅಂದ್ರೆ ಈಗಲೇ ಎದುರುಗಡೆ ಠಾಣೆಗೆ ನಡೀರಿ."

ಅವನು ಎದ್ದ.

ಭವ್ಯ ಆ ತುಂಡುಗಳನ್ನೆಲ್ಲ ಒಂದು ಫ್ಲಾಪಿಗೆ ಹಾಕಿ ನನ್ನ ಕೈಗಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. "ಮಾದಣ್ಣಂಗೆ ಏನೂ ಆಗ್ಬಾರ್ದು ಮೇಡಂ. ನೀವು ಹೊರಡಿ, ನಾನು ಬಾಗಿಲು ಹಾಕ್ಕೊಂಡು ಹೋಗ್ತೀನಿ."

ನಾನು ಅವಳ ಬೆನ್ನು ತಟ್ಟಿದೆ. ಇಂಥ ಹುಡುಗಿಯರು ಇನ್ನೂ ಇದ್ದಾರಲ್ಲ ಎಂದು ಆ ಕ್ಷಣಕ್ಕೆ ಸಿಟ್ಟೂ ಇಳಿದಿತ್ತು.

*

ಚಾಮರಾಜನಗರದ ಬಸ್ಸಿನಲ್ಲಿ ಚಂದ್ರಕುಮಾರನನ್ನು ಕಿಟಕಿಯ ಕಡೆ ಕೂರಿಸಿ ನಾನು ಈಚೆ ಕೂತೆ. ಹೊರಡುವಾಗ ನಿಲ್ದಾಣದ ಸ್ಪೀಕರು ನಮ್ಮನ್ನೂ ಪುಟ್ಟಮಾದುವಿನ ದನಿಯಲ್ಲೇ ಬೀಳ್ಕೊಟ್ಟಿತು.

ತೆರಕಣಾಂಬಿಯಲ್ಲಿ ಸುಟ್ಟ ಬಸ್ಸಿನ ಅಸ್ಥಿಪಂಜರ ಇನ್ನೂ ರಸ್ತೆ ಬದಿಯಲ್ಲಿತ್ತು. ಯಾರೋ ಅದರ ಕಂಬಿಗೆ ಒಗೆದ ಬಟ್ಟೆ ಹರವಿದ್ದರು. ಚಂದ್ರಕುಮಾರ ಮುಖ ತಿರುಗಿಸಿಕೊಂಡ. "ನೋಡಿ," ಎಂದೆ. "ಸರಿಯಾಗಿ ನೋಡಿ." ಅವನು ನೋಡಿದ.

ಬಸ್ಸು ಅಲ್ಲಿ ಟೈರು ಬದಲಿಸಲು ಬಹಳ ಹೊತ್ತು ನಿಂತಿತು. ನಾನು ಡ್ರೈವರನಿಗೂ ಕಂಡಕ್ಟರನಿಗೂ ಸಮನಾಗಿ ಬೈದೆ. ಟೈರು ಬೇಗ ಬದಲಾಗಲಿಲ್ಲ. ಚಾಮರಾಜನಗರದಲ್ಲಿ ಇಳಿದ ಮೇಲೆ ಚಂದ್ರಕುಮಾರ ಮೂತ್ರಕ್ಕೆ ಹೋಗಬೇಕೆಂದ. ನಾನು ಹೊರಗೇ ಕಾವಲು ನಿಂತೆ. ಹೋಗಿಬರುವ ಗಂಡಸರೆಲ್ಲ ನನ್ನನ್ನು ನೋಡಿದರು. ನೋಡಿಕೊಳ್ಳಲಿ ಎಂದು ಸುಮ್ಮನಿದ್ದೆ. ಅವನು ಯಾರಿಗೂ ಫೋನು ಮಾಡಲಿಲ್ಲ, ಯಾರೊಂದಿಗೂ ಮಾತಾಡಲಿಲ್ಲ. ಇದನ್ನು ನಾನು ಯಾವ ಕೋರ್ಟಿನಲ್ಲಾದರೂ ಪ್ರಮಾಣ ಮಾಡಿ ಹೇಳಬಲ್ಲೆ.

ಅಲ್ಲಿಂದ ಆಟೋ ಹಿಡಿದು ಹರದನಹಳ್ಳಿ ಮುಟ್ಟಿದಾಗ ದನಗಳು ಮನೆಗೆ ಬರುವ ಹೊತ್ತು.

ಪುಟ್ಟಮಾದಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನನ್ನನ್ನು ಕಂಡು ಮೊರ ಬದಿಗಿಟ್ಟು ಎದ್ದರು. ಮುಖದಲ್ಲಿ ಆಸೆ ಇತ್ತು.

"ಬಂದ್ರಾ ಅವ್ವ? ನಾಳೆ ಬುಟ್ಟುಬುಡ್ತಾರ ನಮ್ಮ ಯಜಮಾನನ್ನ?"

"ಬಿಡಿಸ್ಕೊಂಡೇ ಬರ್ತೀನಿ ಪುಟ್ಟಮಾದಮ್ಮ. ದೇವರ ಗೂಡಲ್ಲಿರೋ ಆ ಕ್ಯಾಸೆಟ್ ತಗೊಂಡು ಬನ್ನಿ."

ಅವರು ನನ್ನ ಮುಖವನ್ನೇ ನೋಡಿದರು.

"ಕೊಟ್ಟು ಕಳ್ಸುಬುಟ್ನಲ್ಲವ್ವ."

"ಯಾರಿಗೆ?"

"ನೀವು ಕಳ್ಸಿದ್ರಲ್ಲ, ಆ ಬೈಕಿನವ್ನಿಗೆ. ಮುಖಕ್ಕೆ ಟವಲ್ ಸುತ್ಕಂಡಿದ್ದ. 'ಲಾಯರಮ್ಮ ಕಳ್ಸವ್ರೆ' ಅಂದ. ಈಗ ತಾನೆ ಓದ."

"ನಾನು ಯಾರನ್ನೂ ಕಳಿಸಿಲ್ಲ!"

"ಎಂಗಂ‌ದೀರಿ ಅವ್ವ?" ಅವರು ಜಗಲಿಯಿಂದ ಇಳಿದು ಬಂದರು. "ನೀವೇ ತಾನೆ ಫೋನ್ ಮಾಡ್ದೋರು? ಚಿಕ್ಕಮಲ್ಲಪ್ಪನ ಅಂಗ್ಡಿಗೆ ಫೋನ್ ಬಂತು. ಲಾಯರಮ್ಮ ಮಾತಾಡ್ತಾರೆ, ಪುಟ್ಟಮಾದಮ್ಮನ್ನ ಕರೀರಿ ಅಂತ ಯಾರೋ ಗಂಡ್ಸು ಅಂದ್ನಂತೆ. ನಾನು ಎದ್ನೋ ಬಿದ್ನೋ ಅಂತ ಓಡ್ದಿ. ನೀವೇ ಮಾತಾಡುದ್ರಿ. ನಿಮ್ಮ ದನಿ ನನ್ಗೆ ಗೊತ್ತಾಗಲ್ವ?"

"ಏನಂದೆ ನಾನು?"

"'ಪುಟ್ಟಮಾದಮ್ಮ' ಅಂದ್ರಿ. 'ಆ ಕ್ಯಾಸೆಟ್' ಅಂದ್ರಿ. 'ಕೊಟ್ಟು ಕಳಿಸಿ' ಅಂದ್ರಿ. ನಾನು ಅವ್ವಾ, ಅವ್ವಾ ಅಂದಿ, ನೀವು ಜವಾಬೇ ಕೊಡ್ನಿಲ್ಲ. ಇನ್ನೊಂದ್ಸಲ ಅದೇ ಮಾತ ಅಂಗಂಗೇ ಅಂದು ಕಟ್ ಮಾಡ್ಬುಟ್ರಿ. ಕೂಗ್ದಂಗಿತ್ತು, ಬೋ ಕ್ವಾಪ ಬಂದಂಗಿತ್ತು. ನೀವು ಯಾವಾಗ್ಲೂ ಕ್ವಾಪದಲ್ಲೇ ತಾನೆ ಮಾತಾಡದು? ಅದ್ಕೇ ನನ್ಗೆ ಅನ್ಮಾನ ಬರ್ನಿಲ್ಲ."

ಇಪ್ಪತ್ತೆಂಟು ಕೇಸು ಗೆದ್ದ ನನ್ನ ಕೋಪ, ಊರೆಲ್ಲ ಹೆದರುವ ನನ್ನ ಕೋಪ, ಇವತ್ತು ಒಂದು ಅಮಾಯಕ ಹೆಂಗಸಿನ ಕೈಯಿಂದ ಗಂಡನ ಬಿಡುಗಡೆಯನ್ನು ಕಿತ್ತುಕೊಂಡಿತ್ತು. ನನ್ನನ್ನು ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು.

"ಮಾತಿನ ಮಧ್ಯ ಬೇರೆ ಏನಾದ್ರೂ ಕೇಳಿಸ್ತಾ?" ಎಂದೆ. ಉತ್ತರ ಗೊತ್ತಿದ್ದೇ ಕೇಳಿದೆ.

"ಊಂ ಕಣವ್ವ. ಕ್ಯಾಸೆಟ್ ಅನ್ನಕ್ಕೆ ಮುಂಚೆ ಒಂದ್ಸಲ 'ಡಂಣ್' ಅಂತು. ಯಾರೋ ತಗ್ಡು ಬಾಗ್ಲಿಗೆ ಒದ್ದಂಗೆ."

ನನ್ನ ಅಂಗೈ ಇನ್ನೂ ಉರಿಯುತ್ತಿತ್ತು.

ಪಕ್ಕದಲ್ಲಿ ಚಂದ್ರಕುಮಾರ ಬಿಳಿಚಿಕೊಂಡು ನಿಂತಿದ್ದ. ಬೀರುವಿಗೆ ನಾನು ಹೊಡೆದಾಗಿನಿಂದ ಈ ಕ್ಷಣದವರೆಗೆ ಅವನು ನನ್ನ ಕಣ್ಣು ತಪ್ಪಿರಲಿಲ್ಲ. ನನ್ನ ದನಿಯನ್ನು ಕತ್ತರಿಸಿ ಜೋಡಿಸಿದವನು ಅವನಲ್ಲ. ಹಾಗಾದರೆ ಪುಟ್ಟಮಾದುವಿನ ದನಿಯನ್ನು ಕತ್ತರಿಸಿದವನೂ ಅವನಲ್ಲ. ಬೇಗೂರಿನ ಅತ್ತೆ ಮನೆ ನಿಜವಾಗಿತ್ತು.

"ಮೇಡಂ," ಎಂದ ಅವನು. "ನಾವಿದ್ದಾಗ ಆ ಮೈಕು..."

ನಾನು ಚೀಲದಿಂದ ಫ್ಲಾಪಿ ತೆಗೆದು ನೋಡಿದೆ. ಕಪ್ಪು ಚೌಕ, ಮೇಲೆ ಅಚ್ಚುಕಟ್ಟಾದ ಅಕ್ಷರದಲ್ಲಿ 'ಮಾದಣ್ಣ' ಎಂದು ಬರೆದಿತ್ತು. ಒಳಗೆ ಏನಾದರೂ ಇದೆಯೋ ಇಲ್ಲವೋ ಗೊತ್ತಿರಲಿಲ್ಲ.

ಆ ಕೋಣೆಯಲ್ಲಿ ನಾವು ಮೂವರಿದ್ದೆವು. ಭವ್ಯ ಮೈಕನ್ನು ಬದಿಗೆ ಸರಿಸಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆರಿಸಿದ್ದು ನೆನಪಾಗಲಿಲ್ಲ.